ಮಳೆಗಾಲದಲ್ಲಿ ಅನಿಮೋನ್ ಟ್ಯಾಂಕಿಗೆ ಕಡಲ ನೀರು ಬೇಡ

ಕಾರವಾರ, ಅಂಕೋಲಾ ಕಡೆ ಮನೆಯ ಟ್ಯಾಂಕಿನಲ್ಲಿ ಸೀ ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ) ಸಾಕುವವರಿಗೆ ಒಂದು ಮಾತು. ಕಡಲು ಪಕ್ಕದಲ್ಲೇ ಇದೆ ಅಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಂದ ನೀರು ತಂದು ಸುರಿಯಬೇಡಿ. ಮಳೆಗಾಲದಲ್ಲಿ ಕಾಳಿ ನದಿಯ ಕೆಂಪು ನೀರು ಸೇರಿ ದಡದ ಹತ್ತಿರ ಉಪ್ಪಿನಂಶ ತುಂಬಾ ಇಳಿಯುತ್ತದೆ. ಮೀನು ಹೇಗೋ ತಡೆದುಕೊಳ್ಳಬಹುದು, ಅನಿಮೋನ್‌ಗೆ ಅದು ಕಷ್ಟ. ಅಂಗಡಿಯಲ್ಲಿ ಸಿಗುವ ರೀಫ್ ಸಾಲ್ಟನ್ನು (ಟ್ಯಾಂಕಿಗೆ ಕಡಲಿನಂಥ ನೀರು ಮಾಡುವ ಉಪ್ಪು) ಆರ್‌ಒ ನೀರಿನಲ್ಲಿ ಕರಗಿಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬಂದ ಮೇಲೆ ಬಳಸಿ.

ಬೇಸಿಗೆಯಲ್ಲಿ ಇದರ ಉಲ್ಟಾ. ನೀರು ಆವಿಯಾದರೂ ಉಪ್ಪು ಒಳಗೇ ಉಳಿಯುತ್ತದೆ, ಅಲ್ವಾ? ಹಾಗಾಗಿ ಕಡಿಮೆಯಾದಷ್ಟು ಬರೀ ಆರ್‌ಒ ನೀರನ್ನೇ ದಿನಾ ಸೇರಿಸಿ. ಉಪ್ಪುನೀರಲ್ಲ. ಚಿಕ್ಕ ಟ್ಯಾಂಕಿನಲ್ಲಿ ಇದೇ ದೊಡ್ಡ ಕೆಲಸ.

ಅನಿಮೋನ್ ಇಟ್ಟ ಜಾಗದಲ್ಲೇ ಇರುವುದಿಲ್ಲ, ತೆವಳುತ್ತದೆ. ಪಂಪಿನ ಬಾಯಿಗೆ ಸ್ಪಂಜ್ ಕಟ್ಟಿ. ಒಳಗೆ ಸಿಕ್ಕಿ ಸತ್ತರೆ ಇಡೀ ನೀರೇ ಕೆಡುತ್ತದೆ. ಅದರ ಮೈಯೊಳಗಿನ ಪಾಚಿಗೆ ಬೆಳಕು ಬೇಕು. ರೀಫ್ ಲೈಟ್ (ಹವಳದ ಟ್ಯಾಂಕಿಗೆ ಹಾಕುವ ಜೋರು ಬೆಳಕಿನ ದೀಪ) ಇಲ್ಲದಿದ್ದರೆ ಅನಿಮೋನನ್ನು ಸುಮ್ನೆ ತರಬೇಡಿ. ವಾರಕ್ಕೊಮ್ಮೆ ಉಗುರಿನಷ್ಟು ಹಸಿ ಸಿಗಡಿ ಚೂರು ಸಾಕು. ಹೊಸ ಟ್ಯಾಂಕಿಗಂತೂ ಮೊದಲ ಆರು ತಿಂಗಳು ಅನಿಮೋನ್ ಬೇಡವೇ ಬೇಡ, ಅಂಗಡಿಯವರು ಏನೇ ಹೇಳಲಿ.