ಹಳೇ ಪೇಟೆಯಲ್ಲಿ ಹೆಂಚಿನ ಮನೆ ಕೊಳ್ಳಲು ಹೊರಟವರಿಗೆ

ಚಿಕ್ಕಮಗಳೂರಿನ ನಮ್ಮ ಸಂಘಕ್ಕೆ ಬರುವ ಹೊಸ ಕುಟುಂಬಗಳು ಒಂದೆರಡು ವರ್ಷ ಬಾಡಿಗೆ ಕಟ್ಟಿದ ಮೇಲೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಹೊಸ ಬಡಾವಣೆಯ ಸೈಟು ಕೈಗೆಟುಕುವುದಿಲ್ಲ. ಕೋಟೆ ಕಡೆಯೋ ಬಸವನಹಳ್ಳಿ ಕಡೆಯೋ ಆರೇಳು ಚದರದ ಹೆಂಚಿನ ಮನೆ ಮಾರಾಟಕ್ಕಿದೆ. ಬೆಲೆ ಪರವಾಗಿಲ್ಲ. ತಗೋಬಹುದಾ?

ತಗೋಬಹುದು. ಚಿಕ್ಕಮಗಳೂರಿನ ಹಳೇ ಪೇಟೆಯಲ್ಲಿ ಬದುಕುವುದು ಸುಖ. ಮಾರ್ಕೆಟ್ಟು, ಎಂ.ಜಿ. ರಸ್ತೆ, ಬಸ್ ಸ್ಟ್ಯಾಂಡು ಎಲ್ಲವೂ ನಡಿಗೆಯ ದೂರ. ಹುಷಾರು ತಪ್ಪಿ ಮಲಗಿದರೆ ಪಕ್ಕದ ಮನೆಯಿಂದ ಗಂಜಿ ಬರುತ್ತದೆ. ಆದರೆ ಹಳೇ ಮನೆಯನ್ನು ನೋಡುವ ರೀತಿ ಬೇರೆ. ಮೊದಲು ಮಾಡು, ಅಂದರೆ ಹೆಂಚಿನ ಚಾವಣಿ, ನೋಡಬೇಕು, ಆಮೇಲೆ ಕಾಗದ. ಇವೆರಡು ಸರಿಯಿದ್ದರೆ ಉಳಿದದ್ದನ್ನು ಕೈಯಲ್ಲಿ ಕಾಸಾದ ಹಾಗೆ ಸರಿಮಾಡಿಸಿಕೊಳ್ಳಬಹುದು.

ಆದಷ್ಟೂ ಮಳೆಯಲ್ಲಿ ಹೋಗಿ ನೋಡಿ. ಶೃಂಗೇರಿ, ಕೊಪ್ಪದಷ್ಟು ಮಳೆ ನಮ್ಮೂರಲ್ಲಿಲ್ಲ, ನಿಜ. ಆದರೂ ಪುನರ್ವಸು, ಪುಷ್ಯ ಮಳೆ ಹಿಡಿಯಿತು ಅಂದರೆ, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಶುರುವಿನವರೆಗೆ, ಒಗೆದ ಬಟ್ಟೆ ಒಣಗುವುದಿಲ್ಲ. ಕಲಬುರಗಿ, ಬಳ್ಳಾರಿ ಕಡೆಯಿಂದ ಬಂದವರಿಗೆ ಈ ಜಡಿಮಳೆ ಹೊಸದು. ಬೇಸಿಗೆಯಲ್ಲಿ ಹೋದರೆ ಬಣ್ಣ ಹೊಡೆದ ಯಾವ ಗೋಡೆಯೂ ಚೆನ್ನಾಗಿಯೇ ಕಾಣುತ್ತದೆ.

ನಾನು ಮನೆ ಕೊಂಡಿದ್ದು ಜನವರಿಯಲ್ಲಿ. ಆಗಷ್ಟೇ ಬಣ್ಣ ಹೊಡೆಸಿದ್ದರು. ಜೂನ್ ಕೊನೆಗೆ ಮಂಚದ ತಲೆ ಕಡೆಯ ಗೋಡೆಗೆ ಅಂಗೈ ಇಟ್ಟರೆ ತಣ್ಣಗೆ, ಒದ್ದೆ. ಮಾಡು ಎಲ್ಲೂ ಸೋರುತ್ತಿರಲಿಲ್ಲ. ಪಕ್ಕದ ಮನೆಯ ಸೂರಿನ ನೀರು ಎರಡು ಗೋಡೆಗಳ ನಡುವಿನ ಒಂದೂವರೆ ಅಡಿ ಸಂದಿಗೆ ಬೀಳುತ್ತಿತ್ತು. ಸಂದಿಯಲ್ಲಿ ಕಸ ಕಟ್ಟಿ ನೀರಿಗೆ ದಾರಿ ಇರಲಿಲ್ಲ. ಅದು ನಮ್ಮ ಮಣ್ಣಿನ ಗೋಡೆಗೆ ಇಳಿಯುತ್ತಿತ್ತು. ಕೊಳ್ಳುವ ಮೊದಲು ನಾನು ಆ ಸಂದಿಯನ್ನು ಇಣುಕಿಯೂ ನೋಡಿರಲಿಲ್ಲ. ಕಸ ತೆಗೆಸಿ, ತಳಕ್ಕೆ ಇಳಿಜಾರಾಗಿ ಗಾರೆ ಹಾಕಿಸಿ, ಪಕ್ಕದವರ ಸೂರಿಗೆ ನಮ್ಮ ಖರ್ಚಿನಲ್ಲೇ ನೀರು ಹರಿದುಹೋಗುವ ತಗಡಿನ ದೋಣಿ ಕಟ್ಟಿಸಿದ ಮೇಲೆ ಗೋಡೆ ಒಣಗಿತು. ಮನೆಯ ನಾಲ್ಕೂ ಸುತ್ತ ಓಡಾಡದೆ, ಓಡಾಡಲು ಜಾಗ ಇಲ್ಲದ ಕಡೆ ಇಣುಕದೆ ಬೆಲೆಯ ಮಾತೇ ಎತ್ತಬೇಡಿ.

ಬೇಸಿಗೆಯಲ್ಲೇ ನೋಡಬೇಕಾಗಿ ಬಂದರೆ ಅಟ್ಟ ಹತ್ತಿ. ಬಿಸಿಲು ಏರಿದ ಮೇಲೆ, ಹನ್ನೊಂದು ಗಂಟೆ ಹೊತ್ತಿಗೆ ಹೋಗಿ. ಟಾರ್ಚ್ ಆರಿಸಿ ಎರಡು ನಿಮಿಷ ಸುಮ್ನೆ ಮೇಲೆ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಹೆಂಚು ಒಡೆದಿದೆ, ಇಲ್ಲವೇ ಸರಿದಿದೆ. ಆಮೇಲೆ ಟಾರ್ಚ್ ಹಾಕಿ ಅಟ್ಟದ ಹಲಗೆ ನೋಡಿ. ಹಿಂದೆ ಒಂದು ಕುಟುಂಬದ ಜೊತೆ ಹೋಗಿದ್ದಾಗ ಅಟ್ಟದ ಮೂಲೆಯಲ್ಲಿ ಹಳೇ ಪೇಂಟ್ ಡಬ್ಬ ಕಂಡಿತು. ಒಳಗೆ ನೀರು ಒಣಗಿ ಒಂದರ ಮೇಲೊಂದು ಕಂದು ಗೆರೆ, ಬಳೆ ಜೋಡಿಸಿಟ್ಟ ಹಾಗೆ. ಎಷ್ಟು ಮಳೆಗಾಲ ಅಲ್ಲೇ ಕೂತಿತ್ತೋ. ಕೆಳಗೆ ನಿಂತವರು "ಒಂದು ಹನಿಯೂ ಸೋರಲ್ಲ ಸಾರ್" ಅನ್ನುತ್ತಿದ್ದರು. ಡಬ್ಬದ ನೇರ ಮೇಲಿನ ಪಕಾಸಿ, ಅಂದರೆ ಮಾಡನ್ನು ಹೊರುವ ಓರೆ ಮರ, ಕಪ್ಪಾಗಿತ್ತು. ಸ್ಕ್ರೂಡ್ರೈವರ್ ತುದಿ ಒತ್ತಿದೆ. ತುಂಬಾ ಒತ್ತಲಿಲ್ಲ, ಅರ್ಧ ಇಂಚು ಒಳಗೆ ಹೋಯಿತು.

ಹೆಂಚಿಗೆ ಹೆದರಬೇಡಿ. ಮಂಗಳೂರು ಹೆಂಚು 1865ರಲ್ಲಿ ಬಾಸೆಲ್ ಮಿಷನ್‌ನವರ ಕಾರ್ಖಾನೆಯಿಂದ ಶುರುವಾದದ್ದು. ಒಡೆದದ್ದನ್ನು ಒಂದೊಂದೇ ತೆಗೆದು ಬೇರೆ ಕೂರಿಸಬಹುದು, ಅದೇ ಅದರ ದೊಡ್ಡ ಗುಣ. ಮಾಡಿನ ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಸುಮಾರು 150 ಹೆಂಚು ಹಿಡಿಯುತ್ತದೆ. ಲೆಕ್ಕ ಹಾಕಿಕೊಳ್ಳಿ. ಹೆಂಚಿಗಿಂತ ಮೊದಲು ಹಾಳಾಗುವುದು ಮರ. ಹೆಂಚು ಕೂರುವ ಸಣ್ಣ ಪಟ್ಟಿ, ಅಂದರೆ ರೀಪು, ಹೋಗಿದ್ದರೆ ಸಣ್ಣ ಖರ್ಚು. ಪಕಾಸಿ ಹೋಗಿದ್ದರೆ ಸ್ವಲ್ಪ ಜಾಸ್ತಿ. ತೊಲೆಯ ತುದಿಯೇ ಗೋಡೆಯೊಳಗೆ ಕೊಳೆತಿದ್ದರೆ ಮಾಡನ್ನೇ ಬಿಚ್ಚಬೇಕಾಗುತ್ತದೆ. ಹಾಗಾಗಿ ತೊಲೆ ಗೋಡೆಗೆ ಸೇರುವ ಜಾಗವನ್ನು ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ ನೋಡಿ, ಬೆರಳಿನ ಗೆಣ್ಣಿನಿಂದ ತಟ್ಟಿ. ಗಟ್ಟಿ ಮರ ಟಣ್ ಅನ್ನುತ್ತದೆ, ಗೆದ್ದಲು ತಿಂದದ್ದು ಡೊಬ್ ಅನ್ನುತ್ತದೆ. ಗೋಡೆಯಿಂದ ಮರಕ್ಕೆ ಹತ್ತಿದ ಮಣ್ಣಿನ ಸಣ್ಣ ಗೆರೆ ಕಂಡರೆ ಅದನ್ನು ಕೆರೆದು ನೋಡಿ. ಒಳಗೆ ಬಿಳಿ ಹುಳ ಓಡಾಡುತ್ತಿದ್ದರೆ ಗೆದ್ದಲು ಇನ್ನೂ ಜೀವಂತ.

ಗೋಡೆ ಮಣ್ಣಿನದು ಅಂತ ಯಾರೂ ಮೂಗು ಮುರಿಯಬೇಕಾಗಿಲ್ಲ. ಬುಡ ಒಣಗಿದ್ದರೆ ಮಣ್ಣಿನ ಗೋಡೆ ಮೊಮ್ಮಕ್ಕಳ ಕಾಲದವರೆಗೂ ನಿಲ್ಲುತ್ತದೆ, ಚಳಿಗಾಲದಲ್ಲಿ ಬೆಚ್ಚಗೂ ಇರುತ್ತದೆ. ತೊಂದರೆ ಬರುವುದು ಅದರ ಮೇಲೆ ಸಿಮೆಂಟ್ ಗಾರೆ ಬಳಿದಾಗ. ಸಿಮೆಂಟು ಒಳಗಿನ ತೇವವನ್ನು ಆಚೆ ಬಿಡುವುದಿಲ್ಲ. ನೆಲದಿಂದ ಸೊಂಟದ ಮಟ್ಟದವರೆಗೆ ಬಣ್ಣ ಉಬ್ಬಿ ಬಿಳಿ ಉಪ್ಪು ಎದ್ದಿದ್ದರೆ ಅದೇ ಕಾರಣ. ಹಾಲ್‌ನ ಗೋಡೆಗೆ ಮೂರಡಿ ಎತ್ತರ ಹೊಸ ಟೈಲ್ಸ್ ಅಂಟಿಸಿದ್ದರೆ ಯಾಕೆ ಅಂತ ಕೇಳಿ. ಕೂದಲೆಳೆ ಬಿರುಕಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ನಾಣ್ಯ ಸೇರಿಸುವಷ್ಟು ಅಗಲ ಇದ್ದರೆ ಮಾತ್ರ ಅನುಭವದ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ.

ಕರೆಂಟಿನ ವಿಷಯ ಬೇಗ ಮುಗಿಯುತ್ತದೆ. ಪಿಂಗಾಣಿ ಫ್ಯೂಸು, ಮರದ ಪಟ್ಟಿಯ ಮೇಲೆ ಹೊಡೆದ ವೈರು ಇದ್ದರೆ ಇಡೀ ವೈರಿಂಗ್ ಹೊಸದಾಗಿ ಮಾಡಿಸಬೇಕು, ಅರ್ಥಿಂಗ್ ಸಮೇತ. ಬೆಲೆ ಮಾತಾಡುವಾಗಲೇ ಆ ಖರ್ಚನ್ನು ಕಳೆಯಿರಿ. ಊರಿಗೆ ನೀರು ಬರುವುದು ಯಗಚಿಯಿಂದ ಮತ್ತು ಹಿರೇಕೊಳಲೆ ಕೆರೆಯಿಂದ. ಆ ಬೀದಿಯ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದನ್ನು ಮಾರುವವರನ್ನಲ್ಲ, ಎದುರು ಮನೆಯ ಅಜ್ಜಿಯನ್ನು ಕೇಳಿ. ಸಂಪು ಇದೆಯಾ ನೋಡಿ. ಬಚ್ಚಲಿಗೆ ನಾಲ್ಕು ಬಕೆಟ್ ನೀರು ಒಟ್ಟಿಗೆ ಸುರಿದು ಎಷ್ಟು ಹೊತ್ತಿಗೆ ಇಳಿಯುತ್ತದೆ ಗಮನಿಸಿ. ಯುಜಿಡಿ, ಅಂದರೆ ಒಳಚರಂಡಿ, ಸಂಪರ್ಕ ಇಲ್ಲದೆ ಹಿತ್ತಲಲ್ಲಿ ಗುಂಡಿ ಇದ್ದರೆ, ಅದು ಬಾವಿಯಿಂದ ಎಷ್ಟು ದೂರ ಅನ್ನುವುದೂ ಮುಖ್ಯ.

ಇನ್ನು ಕಾಗದ. ಹಳೇ ಪೇಟೆಯ ಮನೆಗಳಲ್ಲಿ ಹೆಚ್ಚಿನ ತಕರಾರು ಬರುವುದು ಇಲ್ಲೇ, ಅದರಲ್ಲೂ ಪಾಲಿನ ವಿಷಯದಲ್ಲಿ. ನಗರಸಭೆಯಲ್ಲಿ ಖಾತೆ ಅಣ್ಣನ ಹೆಸರಲ್ಲಿರುತ್ತದೆ, ಮನೆ ಅಜ್ಜನದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹಾಗಾಗಿ ವಂಶವೃಕ್ಷ ಕೇಳಿ. ಮದುವೆಯಾಗಿ ಸಕಲೇಶಪುರಕ್ಕೋ ಮುಂಬೈಗೋ ಹೋದ ಅಕ್ಕತಂಗಿಯರು ಇದ್ದಾರಾ, ವಿಭಾಗ ಪತ್ರ ಆಗಿದೆಯಾ, ರಿಜಿಸ್ಟರ್ ಆಗಿದೆಯಾ? "ಅವರದ್ದೇನೂ ತಕರಾರಿಲ್ಲ" ಅಂದರೆ ಸಾಕಾಗದು. ತಕರಾರಿಲ್ಲ ಅಂದಮೇಲೆ ಬಂದು ಸಹಿ ಹಾಕಲು ಏನು ಕಷ್ಟ, ಅಲ್ವಾ?

ಋಣಭಾರ ಪತ್ರ, ಎಲ್ಲರೂ ಇ.ಸಿ. ಅನ್ನುವುದು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಹಾಕಿ ತೆಗೆಸಬೇಕು. ಹಳೇ ಮನೆಗೆ 30 ವರ್ಷದ್ದಾದರೂ ತೆಗೆಸಿ, ವಕೀಲರಿಗೆ ತೋರಿಸಿ. ನಗರಸಭೆಯ ಇ-ಖಾತಾ ಇಲ್ಲದೆ ನೋಂದಣಿ ಮುಂದುವರಿಯುವುದಿಲ್ಲ. ಅದನ್ನು ಮಾಡಿಸಿಕೊಡುವುದು ಮಾರುವವರ ಜವಾಬ್ದಾರಿ ಎಂದು ಕರಾರಿನಲ್ಲೇ ಬರೆಸಿ.

ಕ್ರಯಪತ್ರದಲ್ಲಿರುವ ಚೆಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರವನ್ನು, ಕೈಯಲ್ಲಿ ಹಿಡಿದು, ಟೇಪು ಹಾಕಿ ನೀವೇ ಅಳೆಯಿರಿ. ಪೂರ್ವಕ್ಕೆ "ಓಣಿ" ಅಂತ ಇದ್ದು ಅಲ್ಲೀಗ ಯಾರದ್ದೋ ಶೌಚಾಲಯ ಇದ್ದರೆ ಮೊದಲು ಅದು ಇತ್ಯರ್ಥ ಆಗಲಿ. ಎರಡು ಮನೆಗೆ ಒಂದೇ ಗೋಡೆ ಇದ್ದರೆ ಅದು ಯಾರದ್ದು ಅನ್ನುವುದು ಪತ್ರದಲ್ಲಿರಬೇಕು. ಮನೆಯಲ್ಲಿ ಭೋಗ್ಯಕ್ಕಿರುವವರು ಇದ್ದಾರಾ ಎಂದು ನೋಡಿ. ಅವರ ದುಡ್ಡು ಯಾರು, ಯಾವಾಗ ವಾಪಸ್ ಕೊಡುತ್ತಾರೆ ಅನ್ನುವುದು ತೀರ್ಮಾನವಾಗದೆ ಮುಂಗಡ ಕೊಡಬೇಡಿ. ಅವರೂ ನಮ್ಮ ಹಾಗೆ ಕೂಡಿಟ್ಟ ದುಡ್ಡು ಕೊಟ್ಟೇ ಒಳಗೆ ಬಂದವರು. ಮುಂಗಡವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಮನೆ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಗದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ.

"ಹೇಗೂ ಕೆಡವಿ ಹೊಸದು ಕಟ್ಟುತ್ತೇವೆ" ಅನ್ನುವವರು ಮೊದಲು ನಗರಸಭೆಗೆ ಹೋಗಿ ಬನ್ನಿ. ಹಳೇ ಮನೆ ಗೋಡೆಗೆ ಗೋಡೆ ತಾಗಿ ನಿಂತಿರುತ್ತದೆ. ಹೊಸದಕ್ಕೆ ಸುತ್ತ ಜಾಗ ಬಿಡಬೇಕು, ರಸ್ತೆಯ ಅಗಲಕ್ಕೂ ನಿಯಮ ಇದೆ. ಮಾಸ್ಟರ್ ಪ್ಲಾನ್‌ನಲ್ಲಿ ಆ ಬೀದಿ ಅಗಲವಾಗುವುದಿದ್ದರೆ ಮುಂದಿನ ಕೋಣೆಯೇ ಹೋಗಬಹುದು. ಅದೆಲ್ಲ ಕಳೆದು ಉಳಿಯುವ ಜಾಗದಲ್ಲಿ ನಿಮ್ಮ ಮನೆ ಕೂರುತ್ತದಾ ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಮರ ಗಟ್ಟಿಯಿದ್ದ ಮನೆಯನ್ನು ಕೆಡವಲೇಬಾರದು. ಬೀಟೆ, ತೇಗದ ಬಾಗಿಲು ತೊಲೆ ಈಗ ಮಾಡಿಸಲು ಹೋದರೆ ನಮ್ಮಂಥವರ ಕೈಲಾಗುವ ಮಾತಲ್ಲ.

ಕೊನೆಗೆ ದುಡ್ಡಿನ ಲೆಕ್ಕ. ಸ್ಟ್ಯಾಂಪ್ ಡ್ಯೂಟಿ ನೂರಕ್ಕೆ 5, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 2 ಆಗಿದೆ. ಮೊದಲ ಮಳೆಗಾಲಕ್ಕೆ ಮುಂಚೆ ಮಾಡು ಕೈಯಾಡಿಸಲು, ಅಂದರೆ ಒಡೆದ ಹೆಂಚು ಬದಲಿಸಿ ಸರಿದದ್ದನ್ನು ಕೂರಿಸಲು, ಬೇಕಾದಷ್ಟನ್ನು ಇದರಾಚೆ ತೆಗೆದಿಡಿ, ಸಾಲದ ಕಂತಿಗೆ ಅದನ್ನು ಸೇರಿಸಬೇಡಿ. ನೋಂದಣಿ ಆದ ವಾರದಲ್ಲೇ ಖಾತೆ ಬದಲಾವಣೆಗೆ ಅರ್ಜಿ ಕೊಡಿ, ಮೆಸ್ಕಾಂನಲ್ಲಿ ಕರೆಂಟ್ ಸಂಪರ್ಕದ ಆರ್.ಆರ್. ನಂಬರಿನ ಹೆಸರು ಬದಲಾಯಿಸಿ.

ಒಬ್ಬರೇ ಹೋಗಿ ನೋಡಲು ಹಿಂಜರಿಕೆಯಾದರೆ ಸಂಘದಲ್ಲಿ ಹೇಳಿ. ಭಾನುವಾರ ಬೆಳಿಗ್ಗೆ ಯಾರಾದರೂ ಒಬ್ಬರು ಜೊತೆಗೆ ಬರುತ್ತೇವೆ. ಏಣಿ, ಟಾರ್ಚು, ಐವತ್ತಡಿ ಟೇಪು ನಮ್ಮಲ್ಲಿದೆ. ನೀವು ಕ್ರಯಪತ್ರದ ಜೆರಾಕ್ಸ್ ತನ್ನಿ.