311ಕ್ಕೆ ಫೋನ್ ಬಿಲ್ಲಿನಿಂದ ದುಡ್ಡೆತ್ತುವುದು ಹೇಗೆ?

ಬೀದಿದೀಪ ಕೆಟ್ಟರೆ, ರಸ್ತೆಯಲ್ಲಿ ಗುಂಡಿ ಬಿದ್ದರೆ ಅಮೆರಿಕದಲ್ಲಿ ತುರ್ತುಕರೆಯ ಸಂಖ್ಯೆಯಾದ 911ಕ್ಕೆ ಕರೆ ಮಾಡುವಂತಿಲ್ಲ. ಅದಕ್ಕಿರುವುದು 311. 1996ರ ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್ ಪೊಲೀಸರು ಇದನ್ನು ಶುರುಮಾಡಿದರು. ಮರುವರ್ಷ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ ಈ ಸಂಖ್ಯೆಯನ್ನು ಇಡೀ ದೇಶಕ್ಕೆ ಮೀಸಲಿಟ್ಟಿತು. ಸಂಖ್ಯೆಯೇನೋ ಸಿಕ್ಕಿತು, ಆದರೆ ಫೋನ್ ಎತ್ತುವವರ ಸಂಬಳವನ್ನು ಆಯಾ ಊರೇ ಹುಟ್ಟಿಸಿಕೊಳ್ಳಬೇಕು. ಫೋನ್ ಬಿಲ್ ಮೇಲೆ ಸರ್ಚಾರ್ಜ್ (ಹೆಚ್ಚುವರಿ ಮೊತ್ತ) ಹಾಕಿದರಾಯಿತು ಎಂದು ಹೊರಟವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ: ಹೆಸರಿಡುವಾಗ ಮತ್ತು ಲೈನ್ ಎಣಿಸುವಾಗ. ಇಲ್ಲಿರುವುದು ಕ್ಯಾಲಿಫೋರ್ನಿಯಾದ ಕ್ರಮ. ಅಲ್ಲಿನ ಊರುಗಳ ಬಜೆಟ್ ಸಮಿತಿಗಳಲ್ಲಿ ಕೂರುವ ಕನ್ನಡಿಗರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಹಂತ 1: ಖರ್ಚು ಬರೆದುಕೊಳ್ಳಿ

ದೊಡ್ಡ ಖರ್ಚು ಜನರದ್ದು. ಒಂದು ಕುರ್ಚಿ ಹಗಲೂ ರಾತ್ರಿ ತುಂಬಿರಬೇಕಾದರೆ ವಾರಕ್ಕೆ 168 ಗಂಟೆ. ಒಬ್ಬರ ಕೆಲಸ 40 ಗಂಟೆ. ಅಲ್ಲಿಗೇ 4.2 ಜನ ಆಯಿತು. ರಜೆ, ತರಬೇತಿ ಸೇರಿದರೆ ಐದಕ್ಕಿಂತ ಕಡಿಮೆ ಹಿಡಿಯಬೇಡಿ. ಕರೆಗೆ ಇಷ್ಟು ಎಂದು ಬಿಲ್ ಮಾಡುವ ಕಾಲ್ ಸೆಂಟರ್ ಗುತ್ತಿಗೆಗೆ ಸಹಿ ಹಾಕಲೇಬೇಡಿ. ಒಂದು ದೊಡ್ಡ ಮಳೆ ಬಿದ್ದರೆ ಕರೆಗಳು ದುಪ್ಪಟ್ಟಾಗುತ್ತವೆ, ಲೈನ್ ಲೆಕ್ಕದ ನಿಮ್ಮ ಆದಾಯ ಮಾತ್ರ ಇದ್ದಲ್ಲೇ ಇರುತ್ತದೆ. ಸಿಬ್ಬಂದಿ ಗೊತ್ತಾಗುವ ಮೊದಲೇ ಆ್ಯಪ್ ಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಹಂತ 2: 911ರ ಹುಂಡಿಗೆ ಕೈಹಾಕಬೇಡಿ

ಅಡ್ಡದಾರಿ ಹುಡುಕುವವರಿಗೆ ಮೊದಲು ಕಾಣುವುದೇ ಇದು. 2008ರ ಕೇಂದ್ರ ಕಾಯ್ದೆಯ ಪ್ರಕಾರ 911ರ ಹೆಸರಲ್ಲಿ ಎತ್ತಿದ ಹಣ ಎಲ್ಲಿಗೆ ಹೋಯಿತು ಎಂದು ಎಫ್‌ಸಿಸಿ ಪ್ರತಿವರ್ಷ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ವರದಿ ಕೊಡುತ್ತದೆ. ಬೇರೆ ಕೆಲಸಕ್ಕೆ ತಿರುಗಿಸಿದವರ ಹೆಸರು ಅದರಲ್ಲಿ ಬರುತ್ತದೆ. 311ಕ್ಕೆ ಬೇರೆಯದೇ ಬಾಬತ್ತು, ಬೇರೆಯದೇ ಖಾತೆ ಇರಲಿ.

ಹಂತ 3: ಶುಲ್ಕವೋ, ತೆರಿಗೆಯೋ?

‘ಶುಲ್ಕ’ ಎಂದು ಕರೆದರೆ ಮತದಾರರ ಮುಂದೆ ಹೋಗಬೇಕಿಲ್ಲ ಎಂಬ ಲೆಕ್ಕಾಚಾರ ಹಳೆಯದು. ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿ ಎಂಬ ಊರು ಇದನ್ನೇ 911ರ ವಿಷಯದಲ್ಲಿ ಮಾಡಿತು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ, ಇದು ಹೆಸರಿಗಷ್ಟೇ ಶುಲ್ಕ, ನಿಜದಲ್ಲಿ ವಿಶೇಷ ತೆರಿಗೆ (ಒಂದೇ ಕೆಲಸಕ್ಕೆ ಮೀಸಲಾದದ್ದು), ಮತದಾರರ ಮೂರನೇ ಎರಡರಷ್ಟು ಒಪ್ಪಿಗೆಯಿಲ್ಲದೆ ನಿಲ್ಲುವುದಿಲ್ಲ ಎಂದಿತು. ಫೋನ್ ಇಟ್ಟುಕೊಂಡ ಮಾತ್ರಕ್ಕೆ ಎಲ್ಲರಿಂದಲೂ ವಸೂಲಿ ಮಾಡುವುದು ಶುಲ್ಕವಾಗದು ಎಂಬುದು ತಿರುಳು. ತೆರಿಗೆಯ ವ್ಯಾಖ್ಯೆಯನ್ನು ಹಿಗ್ಗಿಸಿದ, ಮತದಾರರೇ ಒಪ್ಪಿದ 2010ರ ಪ್ರಪೊಸಿಷನ್ 26 ಬಂದ ಮೇಲೆ ಈ ಬಾಗಿಲು ಇನ್ನಷ್ಟು ಕಿರಿದಾಯಿತು.

ಸ್ಯಾನ್ ಫ್ರಾನ್ಸಿಸ್ಕೊ 2008ರ ನವೆಂಬರ್‌ನಲ್ಲಿ ತನ್ನ ತುರ್ತುಸೇವಾ ಶುಲ್ಕವನ್ನು ಕೈಬಿಟ್ಟು, ಮತದಾರರ ಒಪ್ಪಿಗೆ ಪಡೆದು ‘ಆ್ಯಕ್ಸೆಸ್ ಲೈನ್ ತೆರಿಗೆ’ ಎಂಬ ಸಾಮಾನ್ಯ ತೆರಿಗೆ ಮಾಡಿಕೊಂಡಿತು. ನೀವೂ ಅದನ್ನೇ ಮಾಡಿ. ಸಾಮಾನ್ಯ ತೆರಿಗೆಗೆ ಅರ್ಧಕ್ಕಿಂತ ಹೆಚ್ಚು ಮತ ಸಾಕು. ಆದರೆ ಕೌನ್ಸಿಲ್ ಸದಸ್ಯರ ಮಾಮೂಲಿ ಚುನಾವಣೆಯ ಜೊತೆಗೇ ಇಡಬೇಕು. ತೊಡಕು ಏನೆಂದರೆ ಸಾಮಾನ್ಯ ತೆರಿಗೆಯ ದುಡ್ಡು ಸಾಮಾನ್ಯ ನಿಧಿಗೇ ಹೋಗುತ್ತದೆ, 311ಕ್ಕೆ ಎಂದು ಕಟ್ಟಿಹಾಕುವಂತಿಲ್ಲ. ಕಟ್ಟಿಹಾಕಿದ ಕೂಡಲೇ ಅದು ವಿಶೇಷ ತೆರಿಗೆ. ಹಾಗಾಗಿ ‘ಈ ಹಣ 311ಕ್ಕೆ ಹೋಗಬೇಕೇ’ ಎಂಬ ಸಲಹಾ ಪ್ರಶ್ನೆಯನ್ನು ಅದೇ ಮತಪತ್ರದಲ್ಲಿ ಪ್ರತ್ಯೇಕವಾಗಿ ಕೇಳಿ. ಕಾನೂನಿನ ಬಲ ಅದಕ್ಕಿಲ್ಲ, ಆದರೆ ಬಜೆಟ್ ಸಭೆಯಲ್ಲಿ ತೋರಿಸಲು ಒಂದು ಕಾಗದ ಇರುತ್ತದೆ.

ಹಂತ 4: ಲೈನ್‌ಗೆ ಇಷ್ಟು ಎಂದೇ ಹಾಕಿ

ಬಿಲ್ಲಿನ ಶೇಕಡಾವಾರು ಬೇಡ. ಈಗಿನ ಬಿಲ್ಲಿನಲ್ಲಿ ಹೆಚ್ಚಿನ ಪಾಲು ಡೇಟಾ. ಇಂಟರ್ನೆಟ್ ಸಂಪರ್ಕದ ಮೇಲೆ ತೆರಿಗೆ ಹಾಕುವುದನ್ನು ಕೇಂದ್ರ ಕಾಯ್ದೆ ತಡೆಯುತ್ತದೆ, 2016ರಿಂದ ಆ ತಡೆ ಶಾಶ್ವತ. ಉಳಿಯುವ ಮಾತಿನ ಪಾಲು ಕರಗುತ್ತಲೇ ಇದೆ. ಕ್ಯಾಲಿಫೋರ್ನಿಯಾ ರಾಜ್ಯವೇ ತನ್ನ 911 ಸರ್ಚಾರ್ಜನ್ನು 2020ರ ಜನವರಿಯಿಂದ ಶೇಕಡಾವಾರು ಬಿಟ್ಟು ತಿಂಗಳಿಗೆ ಲೈನ್‌ಗೆ 30 ಸೆಂಟ್ ಮಾಡಿತು.

ಹಂತ 5: ಲೈನ್ ಎಣಿಕೆ

ಇಲ್ಲಿ ಆತುರ ಬೇಡ. ಲಕ್ಷ ಜನರ ಊರೊಂದನ್ನು ಊಹಿಸಿಕೊಳ್ಳಿ. ವರ್ಷಕ್ಕೆ ಬೇಕಾದದ್ದು 12 ಲಕ್ಷ ಡಾಲರ್, ಅಂದರೆ ತಿಂಗಳಿಗೆ 1 ಲಕ್ಷ. ಲೈನ್‌ಗಳು 1,10,000. ಭಾಗಿಸಿದರೆ ಲೈನ್‌ಗೆ 91 ಸೆಂಟ್. ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಬಡವರಿಗಾಗಿ ಇರುವ ಲೈಫ್‌ಲೈನ್ ಲೈನ್‌ಗಳಿಗೆ ವಿನಾಯಿತಿ ಕೊಟ್ಟಿರುತ್ತೀರಿ, 10,000 ಹೋಯಿತು. ಪ್ರಿಪೇಯ್ಡ್‌ಗೆ ತಿಂಗಳ ಬಿಲ್ಲೇ ಇಲ್ಲ, ಇನ್ನು ಸರ್ಚಾರ್ಜ್ ಯಾವುದರ ಮೇಲೆ? ಅದು 15,000 ಎನ್ನಿ. ಉಳಿದದ್ದು 85,000. ಬಿಲ್ ಕಟ್ಟದವರು, ಕಂಪನಿ ಹಿಡಿದುಕೊಳ್ಳುವ ವಸೂಲಿ ವೆಚ್ಚ ಎಂದು ನೂರಕ್ಕೆ 3 ಕಳೆದರೆ 82,450. ಈಗ ಲೈನ್‌ಗೆ 1 ಡಾಲರ್ 22 ಸೆಂಟ್ ಬೇಕು. 91 ಸೆಂಟ್‌ಗೇ ನಿಂತವರಿಗೆ ತಿಂಗಳಿಗೆ ಸುಮಾರು 25,000, ವರ್ಷಕ್ಕೆ 3 ಲಕ್ಷ ಡಾಲರ್ ಖೋತಾ. ಕಚೇರಿಗಳ ಲೈನ್‌ಗಳನ್ನು ಬೇರೆಯಾಗಿ ಬರೆದುಕೊಳ್ಳಿ: ನೂರು ಮೇಜಿನ ಮೇಲೆ ನೂರು ಫೋನ್ ಇದ್ದರೂ ಹೊರಗೆ ಹೋಗುವ ಟ್ರಂಕ್ ಲೈನ್ ಹತ್ತೇ ಇರಬಹುದು. ಯಾವುದನ್ನು ಎಣಿಸಬೇಕೆಂದು ತೆರಿಗೆ ಹಾಕುವ ಆದೇಶದಲ್ಲೇ ಹೇಳದಿದ್ದರೆ ಕಂಪನಿ ಕಡಿಮೆ ಇರುವುದನ್ನೇ ಎಣಿಸುತ್ತದೆ.

ಮೊಬೈಲ್ ಯಾವ ಊರಿನದು ಎಂಬುದನ್ನು ಏರಿಯಾ ಕೋಡ್ ಹೇಳುವುದಿಲ್ಲ. 2000ದ ಕಾಯ್ದೆಯ ಪ್ರಕಾರ ಗಿರಾಕಿ ಹೆಚ್ಚಾಗಿ ಫೋನ್ ಬಳಸುವ ವಿಳಾಸ, ಅಂದರೆ ಮನೆ ಅಥವಾ ಕಚೇರಿ, ಎಲ್ಲಿದೆಯೋ ಆ ಊರಿಗೆ ತೆರಿಗೆ. ಐದಂಕಿಯ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ನಂಬಿದರೆ ಕೆಟ್ಟಿರಿ. ಅದು ಊರಿನ ಗಡಿ ದಾಟಿ ಹರಡಿರುತ್ತದೆ; ನಿಮ್ಮ ದುಡ್ಡು ಪಕ್ಕದೂರಿಗೆ, ಅವರದ್ದು ನಿಮಗೆ. ಒಂಬತ್ತಂಕಿಯ ಜಿಪ್ ಪಟ್ಟಿಯನ್ನೇ ಕಂಪನಿಗಳಿಗೆ ಕೊಡಿ. ಹೊಸ ಬಡಾವಣೆ ಊರಿಗೆ ಸೇರಿದಾಗಲೆಲ್ಲ ತಿದ್ದಿ ಕಳಿಸಿ.

ಹಂತ 6: ಆದೇಶ, ನೋಟಿಸು

ದರದ ಗರಿಷ್ಠ ಮಿತಿ, ಆಡಿಟ್ ಹಕ್ಕು, ತಡವಾದರೆ ದಂಡ: ಮೂರೂ ಬರೆದಿರಲಿ. ಬಿಲ್ಲಿಂಗ್ ವ್ಯವಸ್ಥೆ ಬದಲಿಸಲು ಕಂಪನಿಗಳಿಗೆ ಕನಿಷ್ಠ ಎರಡು ತಿಂಗಳು ಕೊಡಿ.

ಹಂತ 7: ಕರೆ ಸರಿಯಾದ ಊರಿಗೆ ತಲುಪಲಿ

311 ಒತ್ತಿದರೆ ಯಾವ ಹತ್ತಂಕಿಯ ಸಂಖ್ಯೆಗೆ ಕಳಿಸಬೇಕೆಂದು ಪ್ರತಿ ಕಂಪನಿಯ ಸ್ವಿಚ್‌ನಲ್ಲೂ ಬೇರೆ ಬೇರೆಯಾಗಿ ಹೊಂದಿಸಬೇಕು. ಗಡಿಯ ಟವರ್ ಹಿಡಿದ ಮೊಬೈಲ್ ಕರೆ ಆಗಲೂ ಪಕ್ಕದೂರಿಗೆ ಹೋಗಬಹುದು. ಅದಕ್ಕೇ ಹತ್ತಂಕಿಯ ಸಂಖ್ಯೆಯನ್ನೂ ಜನರಿಗೆ ತಿಳಿಸಿ. ಸ್ಯಾನ್ ಫ್ರಾನ್ಸಿಸ್ಕೊ ಹೊರಗಿನಿಂದ ಕರೆ ಮಾಡುವವರಿಗೆಂದು 415-701-2311 ಇಟ್ಟಿದೆ. ಶುರುಮಾಡುವ ವಾರದ ಮೊದಲೇ ಊರಿನ ನಾಲ್ಕೂ ಅಂಚಿಗೆ ಹೋಗಿ, ಪ್ರತಿ ಕಂಪನಿಯ ಸಿಮ್‌ನಿಂದ 311 ಒತ್ತಿ, ಯಾರು ಎತ್ತಿದರೆಂದು ಬರೆದುಕೊಂಡು ಬನ್ನಿ.