ಕಬ್ಬಿನ ದರದ ಕಾರ್ಡುಗಳಿಗೆ ನಾನು ಉತ್ತರ ಬರೆಯುವ ರೀತಿ

ಮುಧೋಳ ತಾಲ್ಲೂಕಿನ ನಮ್ಮೂರ ವಾಟ್ಸಾಪ್ ಗ್ರೂಪಿನಲ್ಲಿ ಕಬ್ಬು ಬೆಳೆಯುವವರೇ ಹೆಚ್ಚು. ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡುವ ಹೊತ್ತಿಗೆ ಅಲ್ಲಿ ಪಕ್ಷಗಳ ಕಾರ್ಡೂ ಬಂದು ಬೀಳುತ್ತವೆ. ಒಂದರಲ್ಲಿ ಹಸಿರು ಶಾಲು ಹೊದ್ದ ನಾಯಕ, ಇನ್ನೊಂದರಲ್ಲಿ ಅಂಥದೇ ಶಾಲು ಹೊದ್ದ ಎದುರಾಳಿ, ಕೆಳಗೆ ದಪ್ಪಕ್ಷರದಲ್ಲಿ ಒಂದು ದರ. ಆಮೇಲೆ ‘ಅಂಧಭಕ್ತ’, ‘ಗುಲಾಮ’, ‘ರೈತವಿರೋಧಿ’ ಎಂದು ಒಬ್ಬರಿಗೊಬ್ಬರು ಬೈದುಕೊಳ್ಳುವುದರಲ್ಲಿ ರಾತ್ರಿಯಾಗುತ್ತದೆ. ನಾನೂ ಕಬ್ಬು ಬೆಳೆಯುವವನೇ, ಗ್ರೂಪಿನ ಅಡ್ಮಿನ್‌ಗಳಲ್ಲಿ ಒಬ್ಬ. ಈ ಕಾರ್ಡುಗಳಿಗೆ ಉತ್ತರ ಬರೆಯುವ ಕೆಲಸ ಹಚ್ಚಿಕೊಂಡಿದ್ದೇನೆ. ಪಕ್ಕದ ಊರಿನ ಹುಡುಗರು ಹೇಗೆ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಇವುಗಳಲ್ಲಿ ಶುದ್ಧ ಸುಳ್ಳು ಕಡಿಮೆ. ಅಂಕಿ ಬಹಳ ಸಲ ಖರೇನೇ ಇರುತ್ತದೆ. ಅದಕ್ಕೆ ಅಂಟಿಕೊಂಡ ಷರತ್ತನ್ನು ಮಾತ್ರ ಕತ್ತರಿಸಿರುತ್ತಾರೆ. ‘ಇದು ಫೇಕ್’ ಎಂದು ಬರೆದರೆ ಅವರು ಸರ್ಕಾರಿ ಆದೇಶವನ್ನೇ ತಂದು ಮುಂದೆ ಇಡುತ್ತಾರೆ, ಅಲ್ಲಿಗೆ ನಮ್ಮ ಬಾಯಿ ಕಟ್ಟಿತು. ಆದ್ದರಿಂದ ನಾನು ಅಂಕಿಯ ಜೊತೆ ಜಗಳಕ್ಕೆ ಹೋಗುವುದಿಲ್ಲ. ಇದು ಯಾವ ರಿಕವರಿಗೆ (ಕಬ್ಬಿನಿಂದ ಶೇಕಡಾ ಎಷ್ಟು ಸಕ್ಕರೆ ಇಳಿಯುತ್ತದೆ ಎಂಬ ಲೆಕ್ಕ), ಯಾವ ವರ್ಷದ್ದು, ಕಟಾವು–ಸಾಗಾಟ ಸೇರಿಸಿಯೋ ಬಿಟ್ಟೋ ಎಂದು ಹುಡುಕುತ್ತೇನೆ.

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೊಡಿ ಎಂದು ಕೂತಿದ್ದಾಗ ಒಂದು ಕಾರ್ಡ್ ಊರೂರು ತಿರುಗಿತು. ಕೇಂದ್ರ 3,550 ಘೋಷಿಸಿದೆ, ರಾಜ್ಯ ಕೊಡಿಸಿದ್ದು 3,300 ಮಾತ್ರ, ಉಳಿದ ದುಡ್ಡು ಎಲ್ಲಿ ಎಂಬುದು ಅದರ ಸಾರ. ಎರಡೂ ಅಂಕಿ ಖರೆ. ಆದರೆ 3,550 ಎಂಬುದು 2025–26ರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ಕೊಡಲೇಬೇಕೆಂದು ಕೇಂದ್ರ ಗೊತ್ತುಮಾಡುವ ಕನಿಷ್ಠ ದರ. ಅದು 10.25 ರಿಕವರಿಗೆ, ಕಾರ್ಖಾನೆ ಬಾಗಿಲಿಗೆ ತಲುಪಿದ ಕಬ್ಬಿಗೆ. ಕಟಾವು, ಸಾಗಾಟ ಎರಡರ ಖರ್ಚನ್ನೂ ಅದರಲ್ಲೇ ಮುರಿದುಕೊಳ್ಳುತ್ತಾರೆ. ಸರ್ಕಾರ ಮಾತುಕತೆಯಲ್ಲಿ ಒಪ್ಪಿಸಿದ 3,300 ಎಂಬುದು 11.25 ರಿಕವರಿಗೆ, ಕಟಾವು–ಸಾಗಾಟ ಬಿಟ್ಟು ರೈತನ ಕೈಗೆ ಬರುವ ದರ.

ಲೆಕ್ಕವನ್ನು ನಾನು ಗ್ರೂಪಿನಲ್ಲೇ ಮಾಡಿ ತೋರಿಸಿದೆ. 10.25ರ ಮೇಲೆ ಪ್ರತಿ 0.1 ರಿಕವರಿಗೆ ಕ್ವಿಂಟಲ್‌ಗೆ 3.46 ರೂಪಾಯಿ ಹೆಚ್ಚು, ಅಂದರೆ ಟನ್ನಿಗೆ 34.60. ರಿಕವರಿ 11.25 ಇದ್ದರೆ 346 ಕೂಡಿ ಎಫ್‌ಆರ್‌ಪಿ 3,896 ಆಗುತ್ತದೆ. ಕಟಾವು–ಸಾಗಾಟಕ್ಕೆ 850 ಹಿಡಿಯಿರಿ, ಕೈಗೆ ಉಳಿಯುವುದು 3,046. ಈ 3,046ನ್ನು 3,300ರ ಪಕ್ಕ ಇಟ್ಟು ನೋಡಬೇಕು, 3,550ನ್ನು ಅಲ್ಲ.

ಕಾರ್ಡ್ ಹಾಕಿದವರು ನಮ್ಮ ಓಣಿಯ ಹಿರಿಯರು, ಪಕ್ಷದ ಹಳೆಯ ಕಾರ್ಯಕರ್ತರು. ಅವರಿಗೆ ಬರೆದೆ: “ಮಾವಾ, ಹೋದ ವರ್ಷದ ನಿಮ್ಮ ಬಿಲ್ಲ ತಗದು ನೋಡ್ರಿ. ಕಟಾವು, ಗಾಡಿ ಬಾಡಗಿ ಅಂತ ಎಷ್ಟು ಮುರಕೊಂಡಾರ?” ಬಿಲ್ಲಿನ ಫೋಟೊ ಅವರೇ ಹಾಕಿದರು. “ಹೌದಪ, ಇದನ್ನ ಕಾರ್ಡಿನ್ಯಾಗ ಬರದಿಲ್ಲ” ಅಂದರು. ಅವರ ಪಕ್ಷ ಬದಲಾಗಲಿಲ್ಲ, ಅದು ನನ್ನ ಉದ್ದೇಶವೂ ಅಲ್ಲ. ಆ ಕಾರ್ಡನ್ನು ಅವರು ಮುಂದಕ್ಕೆ ಕಳಿಸಲಿಲ್ಲ.

ಎದುರು ಪಕ್ಷದ ಕಾರ್ಡಿಗೂ ಇದೇ ಮದ್ದು. ‘3,300 ಕೊಟ್ಟ ಸರ್ಕಾರ’ ಎಂದು ಅವರು ಹಾಕಿದರು. ಅದರಲ್ಲಿ ಸರ್ಕಾರದ ಬೊಕ್ಕಸದ್ದು ಟನ್ನಿಗೆ 50 ರೂಪಾಯಿ, ಮಿಕ್ಕಿದ್ದು ಕಾರ್ಖಾನೆಯದು. 11.25ರ ಷರತ್ತು ಅವರ ಕಾರ್ಡಿನಲ್ಲೂ ಇರಲಿಲ್ಲ. ನಮ್ಮ ಮುಧೋಳ ಭಾಗದ ರೈತರು ಸಿಟ್ಟಾಗಿದ್ದೇ ಆ ರಿಕವರಿ ಷರತ್ತಿಗೆ. ಜಗಳದ ಮೂಲವನ್ನೇ ಬಿಟ್ಟು ಮಾಡಿದ ಪ್ರಚಾರ ನನಗೆ ಸುಳ್ಳಿಗಿಂತ ಹೆಚ್ಚು ಸಂಕಟ ಕೊಡುತ್ತದೆ.

‘ನಮ್ಮ ಕಾಲದಲ್ಲಿ ಇಷ್ಟು ಏರಿಸಿದೆವು’ ಎಂಬ ಹೋಲಿಕೆಗಳನ್ನು ಇನ್ನೂ ಹುಷಾರಾಗಿ ನೋಡಬೇಕು. 2021–22ರಲ್ಲಿ ಎಫ್‌ಆರ್‌ಪಿ ಕ್ವಿಂಟಲ್‌ಗೆ 290, ಮರುವರ್ಷ 305. ಹದಿನೈದು ರೂಪಾಯಿ ಏರಿಕೆ ಎಂದು ಕಾರ್ಡ್ ಹೇಳುತ್ತದೆ. ಆದರೆ 290 ಇದ್ದದ್ದು 10 ರಿಕವರಿಗೆ, 305 ಬಂದದ್ದು 10.25ಕ್ಕೆ. ಹಳೆಯ ದರದಲ್ಲೇ 10.25 ರಿಕವರಿಯ ಕಬ್ಬಿಗೆ 297.25 ಸಿಗುತ್ತಿತ್ತು, ಯಾಕೆಂದರೆ ಆಗ ಪ್ರತಿ 0.1ಕ್ಕೆ 2.90 ಇತ್ತು. ಹಾಗಾದರೆ ನಿಜವಾದ ಏರಿಕೆ 7.75. ಅದಕ್ಕೂ ಮೊದಲು, 2018–19ರಲ್ಲಿ, ಇದೇ ಬುನಾದಿ ರಿಕವರಿ 9.5ರಿಂದ 10ಕ್ಕೆ ಏರಿತ್ತು. 2013–14ರ 210ನ್ನು 2025–26ರ 355ರ ಪಕ್ಕ ಬರೆದ ಕಾರ್ಡ್ ಬಂದರೆ ನಾನು ಎರಡರ ಕೆಳಗೂ ರಿಕವರಿ ಬರೆದು ವಾಪಸ್ ಹಾಕುತ್ತೇನೆ: 210ರ ಕೆಳಗೆ 9.5, 355ರ ಕೆಳಗೆ 10.25. ಬೇರೆ ಮಾತು ಸೇರಿಸುವುದಿಲ್ಲ.

ಮಹದಾಯಿ ನದಿ ನೀರಿನ ವಿಷಯವೂ ಇದೇ ಜಾತಿಯದು. ನ್ಯಾಯಮಂಡಳಿಯ 2018ರ ಐತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ಬರೆದುಕೊಂಡು ತಿರುಗುತ್ತಾರೆ. ಅದರಲ್ಲಿ 8.02 ವಿದ್ಯುತ್ತಿಗೆ, 1.5 ಮಹದಾಯಿ ಕೊಳ್ಳದೊಳಗಿನ ಬಳಕೆಗೆ. ಕಳಸಾ–ಬಂಡೂರಿಯಿಂದ ಮಲಪ್ರಭೆಗೆ ತರಲು ಸಿಕ್ಕಿದ್ದು 3.90. ಬಾದಾಮಿ ಕಡೆಯ ನಮ್ಮ ಬೀಗರಿಗೆ ಇಷ್ಟನ್ನೇ ಧ್ವನಿ ಮೆಸೇಜಿನಲ್ಲಿ ಹೇಳಿ ಕಳಿಸಿದ್ದೆ.

ಬರೀ ಬೈಗುಳ, ಘೋಷಣೆ ಇರುವ ಪೋಸ್ಟಿಗೆ ಉತ್ತರ ಕೊಡುವುದಿಲ್ಲ. ‘ಡಬಲ್ ಇಂಜಿನ್’, ‘ಬಿಟ್ಟಿ ಭಾಗ್ಯ’, ‘ರೈತಪರ’ ಇವನ್ನೆಲ್ಲ ತೆಗೆದ ಮೇಲೆ ಪರೀಕ್ಷಿಸಬಹುದಾದ ಒಂದು ವಾಕ್ಯವಾದರೂ ಉಳಿಯಬೇಕು. ಉಳಿಯದಿದ್ದರೆ ನನಗೆ ಅಲ್ಲಿ ಕೆಲಸವಿಲ್ಲ. ನಮ್ಮ ಕಡೆ ಕಾರ್ಖಾನೆಯ ಮಾಲೀಕರು ಎಲ್ಲ ಪಕ್ಷಗಳಲ್ಲೂ ಇದ್ದಾರೆ, ಶಾಲಿನ ಬಣ್ಣ ನೋಡಿ ಯಾರು ಯಾರ ಪರ ಎಂದು ತೀರ್ಮಾನಿಸಲು ಬರುವುದಿಲ್ಲ. ವಿಡಿಯೊ ಬಂದರೆ ನಿಧಾನ ಮಾಡುತ್ತೇನೆ. ಅದೇ ನವೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿದ್ದಾಗ, ಹಚ್ಚಿದವರು ಯಾರು ಎಂದು ಹೆಸರು ಹಿಡಿದು ಹೇಳುವ ಯಾವ ಮೆಸೇಜನ್ನೂ ಗ್ರೂಪಿನಲ್ಲಿ ಉಳಿಸಲಿಲ್ಲ. ಎರಡೂ ಕಡೆಯವರು ನನ್ನ ಮೇಲೆ ಸಿಟ್ಟಾದರು. ತನಿಖೆ ಮುಗಿಯುವ ಮೊದಲು ಹೆಸರು ಹರಡಿದರೆ ಒಬ್ಬ ಬಡ ರೈತನ ಮನೆ ಹಾಳಾಗುತ್ತದೆ, ಅದಕ್ಕೆ ನಾನು ಒಪ್ಪಲಾರೆ.

ಉತ್ತರ ಐದಾರು ಸಾಲು ದಾಟಬಾರದು, ನಮ್ಮ ಮಾತಿನಲ್ಲೇ ಇರಬೇಕು, ಪಕ್ಷದ ಹೆಸರು ಬರಬಾರದು. ಎಫ್‌ಆರ್‌ಪಿಗೆ ಕೇಂದ್ರದ ಅಧಿಕೃತ ಪ್ರಕಟಣೆ, ಕಾರ್ಖಾನೆವಾರು ದರಕ್ಕೆ ಕಬ್ಬು ಅಭಿವೃದ್ಧಿ ಆಯುಕ್ತರ ಪಟ್ಟಿ, ಇವೆರಡರ ಪಿಡಿಎಫ್ ಫೋನಿನಲ್ಲಿ ಇಟ್ಟುಕೊಂಡಿರಿ. ಹೇಳಿದ ಸಾಲಿಗೆ ಗೆರೆ ಎಳೆದು ಫೋಟೊ ಹಾಕಿ. ಬಿಲ್ಲಿನ ಫೋಟೊ ಕಳಿಸುವವರು ಹೆಸರು, ಖಾತೆ ನಂಬರ್ ಮುಚ್ಚಿ ಕಳಿಸಲಿ. ರಿಕವರಿ, ಕಟಾವು, ಸಾಗಾಟ, ಈ ಮೂರು ಸಾಲು ಕಂಡರೆ ನನಗೆ ಸಾಕು.